ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಮತ್ತು ಸೀಸದ ವಿಷ

ವಿಷವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನಾಗರಹಾವಿನ ಹೆಡೆ, ಇಲ್ಲವೆ ಕಥೆಗಳಲ್ಲಿ ಬರುವ ವಿಷದ ಬಟ್ಟಲು. ಇವು ಬೇಗನೆ ಪ್ರಾಣವನ್ನು ತೆಗೆಯತಕ್ಕವು. ಆದುದರಿಂದ ಇವುಗಳ ವಿಷಯದಲ್ಲಿ ಜನರು ಎಚ್ಚರಿಕೆಯುಳ್ಳವರಾಗಿರುತ್ತಾರೆ. ಆದರೆ ದಿನಕ್ಕಿಷ್ಟಿಷ್ಟಾಗಿ ಉಸಿರಿನೊಡನೆಯೂ ಅನ್ನದೊಡನೆಯೂ ಶರೀರವನ್ನು ಹೊಕ್ಕು, ವರ್ಷಗಳ ಮೇಲೆ ಮನುಷ್ಯನನ್ನು ನಿಶ್ಶಕ್ತನನ್ನಾಗಿ ಮಾಡುವ ವಿಷಗಳೂ ಉಂಟು. ಇವುಗಳಿಗೆ ಹೆಡೆಯಿಲ್ಲ, ಬುಸುಗುಟ್ಟುವ ಧ್ವನಿಯಿಲ್ಲ. ಅನೇಕ ವೇಳೆ ರುಚಿಯೂ ವಾಸನೆಯೂ ಇಲ್ಲ. ಇಂಥ ವಸ್ತುಗಳು ಯಾವುವು, ಯಾವ ದಾರಿಯಿಂದ ಎಷ್ಟು ಪ್ರಮಾಣದಲ್ಲಿ ದೇಹವನ್ನು ಸೇರುತ್ತವೆ, ಸೇರಿ ಏನನ್ನು ಕೆಡಿಸುತ್ತವೆ, ಅವುಗಳಿಂದ ಜನರನ್ನು ಕಾಪಾಡುವ ಬಗೆ ಯಾವುದು ಎಂಬುದನ್ನು ವಿಚಾರಿಸುವ ಶಾಸ್ತ್ರಕ್ಕೆ ವಿಷವಿಜ್ಞಾನವೆಂದು ಹೆಸರು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಹಿರಿಯರ ಗಾದೆಯೇ ಈ ಶಾಸ್ತ್ರದ ಮೊದಲನೆಯ ಸೂತ್ರವೆನ್ನಬಹುದು.

ಉಪ್ಪು ಮೊದಲಾದ ಅನೇಕ ವಸ್ತುಗಳು ಮಿತಿಯಲ್ಲಿದ್ದರೆ ಹಿತ, ಮಿತಿ ಮೀರಿದರೆ ಅಹಿತ. ಸೀಸವೆಂಬ ಲೋಹವು ಹಾಗಲ್ಲ. ನಮ್ಮ ಶರೀರಕ್ಕೆ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವು ಯಾವುದೂ ತಿಳಿದುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಈ ಲೋಹದ ಕೇಡನ್ನು ಅಮೆರಿಕಾ ದೇಶದ ಕಾರಖಾನೆಗಳಲ್ಲಿ ಹುಡುಕಿ ಬಯಲಿಗೆ ತಂದು, ಆ ದೇಶದಲ್ಲಿ ಔದ್ಯೋಗಿಕ ವಿಷವಿಜ್ಞಾನಕ್ಕೆ ತಳಹದಿಯನ್ನು ಹಾಕಿದವಳು ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಎಂಬ ಮಹಿಳೆ. ಆಕೆಯ ಕಾರ್ಯವು ಯಾವ ಬಗೆಯದು, ಅದರಿಂದ ವಿದ್ಯಾರ್ಥಿನಿಯರಾದ ನಾವು ಕಲಿಯತಕ್ಕದ್ದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಬಾಲ್ಯವೂ ವಿದ್ಯಾಭ್ಯಾಸವೂ

ಆಲಿಸಳು 1869ನೆಯ ಇಸವಿ ಫೆಬ್ರವರಿ 27ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿ, ಇಂಡಿಯಾನಾ ಪ್ರಾಂತದ ಫೋರ್ಟ್ ವೇನ್ ಎಂಬ ಊರಿನಲ್ಲಿ ಬೆಳೆದಳು. ಊರಿನ ಶಾಲೆಗಳ ಪಾಠಕ್ರಮವು ತಂದೆಗೆ ಒಪ್ಪಿಗೆಯಾಗದ ಕಾರಣ ಮಕ್ಕಳಿಗೆ ಮನೆಯಲ್ಲಿಯೇ ಪಾಠವಾಯಿತು. ಭಾಷೆಗಳೂ ಸಾಹಿತ್ಯವೂ ಚರಿತ್ರೆಯೂ ಧಾರಾಳವಾಗಿ ದೊರೆತವು. ಗಣಿತವೂ ಪ್ರಕೃತಿವಿಜ್ಞಾನವೂ ಬಹು ಸ್ವಲ್ಪ. ಆಕೆಯ ಅಕ್ಕ ಎಡಿತಳು ಮುಂದೆ ಗ್ರೀಕರ ನಾಗರಿಕತೆಯನ್ನು ಕುರಿತು ಗ್ರಂಥಗಳನ್ನು ಬರೆದು ಪ್ರಸಿದ್ಧಳಾದಳು. ಆಲಿಸಳಾದರೋ ಫಾರ್ಮಿಂಗ್ಟನ್ ಎಂಬಲ್ಲಿನ ಬಾಲಿಕಾ ಪಾಠಶಾಲೆಯಲ್ಲಿ ಎರಡು ವರ್ಷ ಕಲಿತ ಮೇಲೆ ವೈದ್ಯವಿದ್ಯೆಯನ್ನು ಆರಿಸಿಕೊಂಡಳು.

ಈ ಆಯ್ಕೆಗೆ ಕಾರಣವಿತ್ತು. ತಂದೆಯ ವ್ಯಾಪಾರವು ಮುರಿದುಬಿದ್ದುದರಿಂದ ಹೆಣ್ಣುಮಕ್ಕಳು ತಮ್ಮ ಜೀವನಕ್ಕೆ ತಾವೇ ದಾರಿಯನ್ನು ಕಂಡುಕೊಳ್ಳಬೇಕಾಗಿತ್ತು. ವೈದ್ಯಳಾದರೆ ದೂರದೇಶಗಳಿಗಾಗಲಿ ನಗರದ ಬಡಕೇರಿಗಳಿಗಾಗಲಿ, ಎಲ್ಲಿಗೆ ಹೋದರೂ ತನ್ನಿಂದ ಉಪಯೋಗವಾಗುವುದೆಂದು ಆಕೆಯು ಯೋಚಿಸಿದಳು. ಪಾರಸಿಕ ದೇಶದ ತೆಹರಾನ್ ನಗರಕ್ಕೆ ವೈದ್ಯ ಮಿಷನೆರಿಯಾಗಿ ಹೋಗಬೇಕೆಂಬ ಹಂಬಲವೂ ಎಳವೆಯಲ್ಲಿ ಆಕೆಗಿತ್ತು. ಆ ಹಂಬಲವು ಕೈಗೂಡಲಿಲ್ಲ. ಆದರೆ ನಗರದ ಬಡಕೇರಿಯ ಸೇವೆಯು ಆಕೆಗಾಗಿ ಕಾದಿತ್ತು.

ಪ್ರಕೃತಿವಿಜ್ಞಾನದ ಕೊರತೆಯನ್ನು ಶ್ರಮಪಟ್ಟು ತುಂಬಿಕೊಂಡು ಆಕೆಯು 1893ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದಳು. 1895ರಲ್ಲಿ ಅಕ್ಕನೊಡಗೂಡಿ ಜರ್ಮನಿಗೆ ಹೋಗಿ ಲೈಪ್ಸಿಗ್ ಮತ್ತು ಮ್ಯೂನಿಕ್ ವಿಶ್ವವಿದ್ಯಾನಿಲಯಗಳಲ್ಲಿ ರೋಗಶಾಸ್ತ್ರವನ್ನೂ ಸೂಕ್ಷ್ಮಾಣುಶಾಸ್ತ್ರವನ್ನೂ ಅಭ್ಯಾಸಮಾಡಿದಳು. ಆ ಕಾಲದಲ್ಲಿ ಅಲ್ಲಿ ಸ್ತ್ರೀಯರಿಗೆ ಕ್ರಮವಾದ ಪ್ರವೇಶವಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಕುಳಿತು ಉಪನ್ಯಾಸಗಳನ್ನು ಕೇಳಬಹುದೆಂದು ಮಾತ್ರ ಅಪ್ಪಣೆಯಾಗಿತ್ತು. ಆಕೆಯು ಹಾಗೆಯೇ ಕುಳಿತು ಕಲಿತಳು.

ಹಲ್ ಹೌಸಿನಲ್ಲಿ ವಾಸ

1897ರಲ್ಲಿ ಚಿಕಾಗೋ ನಗರದ ಸ್ತ್ರೀಯರ ವೈದ್ಯಶಾಲೆಯಲ್ಲಿ ರೋಗಶಾಸ್ತ್ರದ ಅಧ್ಯಾಪಿಕೆಯಾಗಿ ಆಕೆಗೆ ಕೆಲಸ ದೊರೆಯಿತು. ವಾಸಕ್ಕಾಗಿ ಆಕೆಯು ಆರಿಸಿಕೊಂಡುದು ಹಲ್ ಹೌಸ್ ಎಂಬ ಸೇವಾಗೃಹ. ಜೇನ್ ಆಡಮ್ಸ್ ಎಂಬ ಮಹನೀಯಳು ಗೆಳತಿಯೊಬ್ಬಳ ಜೊತೆಗೂಡಿ 1889ರಲ್ಲಿ ಸ್ಥಾಪಿಸಿದ ಈ ಗೃಹದಲ್ಲಿ ವಿದ್ಯಾವಂತ ಸ್ತ್ರೀಯರು ಬಡವರ ನಡುವೆ ಅವರ ನೆರೆಹೊರೆಯವರಾಗಿ ಬಾಳುತ್ತಿದ್ದರು. ಇಟಲಿ, ಪೋಲೆಂಡ್ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದಿದ್ದ ಕೂಲಿಕಾರರ ಕುಟುಂಬಗಳು ಸುತ್ತಲೂ ನೆಲಸಿದ್ದವು.

ಹ್ಯಾಮಿಲ್ಟನ್ನಳು ಅಲ್ಲಿ ಹಸುಗೂಸುಗಳಿಗಾಗಿ ಒಂದು ಚಿಕಿತ್ಸಾಲಯವನ್ನು ತೆರೆದು, ಕೂಸುಗಳಿಗೆ ಸ್ನಾನಮಾಡಿಸಿ ತಾಯಂದಿರಿಗೆ ಬುದ್ಧಿಹೇಳುತ್ತಿದ್ದಳು. ಹಲ್ಲು ಬರುವ ತನಕ ಮಗುವಿಗೆ ಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬುದು ಆಗಿನ ವೈದ್ಯರ ಬೋಧನೆ. ಇಟಲಿಯ ತಾಯಂದಿರು ಅದನ್ನು ತಲೆದೂಗಿ ಕೇಳಿ, ಮನೆಯಲ್ಲಿ ತಮ್ಮ ವಾಡಿಕೆಯಂತೆ ಇತರ ಆಹಾರವನ್ನೂ ತಿನ್ನಿಸುತ್ತಿದ್ದರು. ಮಕ್ಕಳು ಚೆನ್ನಾಗಿಯೇ ಬೆಳೆದವು. ಈ ವಿಷಯದಲ್ಲಿ ತನಗಿಂತ ಆ ತಾಯಂದಿರೇ ಸರಿಯಾಗಿದ್ದರೆಂದು ಆಕೆಯು ಮುಂದೆ ನಗುತ್ತ ಒಪ್ಪಿಕೊಂಡಳು. ಕಲಿಸಲು ಹೋದವಳು ಕಲಿಯಲೂ ಸಿದ್ಧಳಾಗಿರಬೇಕೆಂಬ ಈ ಗುಣವು ಆಕೆಯ ಬಾಳಿನ ಉದ್ದಕ್ಕೂ ಕಾಣುತ್ತದೆ.

ತಪ್ಪಿನಿಂದ ಕಲಿತ ಪಾಠ

1902ರಲ್ಲಿ ಚಿಕಾಗೋವಿನಲ್ಲಿ ಟೈಫಾಯ್ಡ್ ಎಂಬ ವಿಷಮಶೀತಜ್ವರವು ಹಬ್ಬಿತು. ಹಲ್ ಹೌಸಿನ ಸುತ್ತಣ ಕೇರಿಯಲ್ಲಿ ರೋಗವು ವಿಶೇಷವಾಗಿ ಉಲ್ಬಣಿಸಿತು. ಅಲ್ಲಿ ತೆರೆದ ಪಾಯಿಖಾನೆಗಳೂ ನೊಣಗಳೂ ಹೇರಳವಾಗಿದ್ದುದನ್ನು ನೋಡಿ, ನೊಣಗಳೇ ರೋಗವನ್ನು ಒಯ್ಯುತ್ತಿರಬಹುದೆಂದು ಹ್ಯಾಮಿಲ್ಟನ್ನಳು ಊಹಿಸಿದಳು. ಇಬ್ಬರು ಗೆಳತಿಯರ ನೆರವಿನಿಂದ ಪಾಯಿಖಾನೆಗಳಲ್ಲಿಯೂ ಅಡಿಗೆಮನೆಗಳಲ್ಲಿಯೂ ನೊಣಗಳನ್ನು ಹಿಡಿದು, ಪೋಷಕ ದ್ರವವಿದ್ದ ಗಾಜಿನ ನಳಿಗೆಗಳಲ್ಲಿ ಹಾಕಿ ಪರೀಕ್ಷಿಸಲಾಗಿ, ಕೆಲವುಗಳಲ್ಲಿ ಟೈಫಾಯ್ಡಿನ ಸೂಕ್ಷ್ಮಾಣುಗಳು ಕಾಣಿಸಿದವು. ಆಕೆಯ ಲೇಖನವು ಪ್ರಕಟವಾದೊಡನೆ ಹೆಸರು ಎಲ್ಲೆಡೆ ಹರಡಿತು. ನಗರದ ಆರೋಗ್ಯ ಇಲಾಖೆಯಲ್ಲಿಯೂ ಸುಧಾರಣೆಯಾಯಿತು.

ಆದರೆ ಕೆಲವು ಕಾಲದ ಮೇಲೆ ಬೇರೊಂದು ಸಂಗತಿಯು ಹೊರಬಿದ್ದಿತು. ಆ ಭಾಗದ ನೀರೆತ್ತುವ ಕೇಂದ್ರದಲ್ಲಿ ಕೊಳವೆಯು ಒಡೆದು, ಚರಂಡಿಯ ಹೊಲಸು ಮೂರು ದಿವಸಗಳ ಕಾಲ ಕುಡಿಯುವ ನೀರಿನಲ್ಲಿ ಬೆರೆತಿತ್ತು. ಅಧಿಕಾರಿಗಳು ಅದನ್ನು ಮುಚ್ಚಿಟ್ಟಿದ್ದರು. ಕೇರಿಯಲ್ಲಿ ಜ್ವರವು ಅಷ್ಟು ಉಲ್ಬಣಿಸಿದುದಕ್ಕೆ ನಿಜವಾದ ಕಾರಣ ನೀರು, ನೊಣವಲ್ಲ. ನೊಣಗಳಲ್ಲಿ ಸೂಕ್ಷ್ಮಾಣುಗಳಿದ್ದುದು ನಿಜ. ಆದರೆ ಅವುಗಳಿಂದಲೇ ರೋಗ ಹಬ್ಬಿತೆಂಬ ತೀರ್ಮಾನವು ಸುಳ್ಳು. ತನಗೆ ಕೀರ್ತಿಯನ್ನು ತಂದ ಸಂಶೋಧನೆಯು ತಪ್ಪೆಂಬುದನ್ನು ಆಕೆಯು ಮರೆಮಾಚಲಿಲ್ಲ. ತನ್ನ ಆತ್ಮಚರಿತ್ರೆಯಲ್ಲಿ ಅದನ್ನು ವಿವರವಾಗಿ ಬರೆದಿಟ್ಟಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಸಿಕ್ಕುವುದು ದುರ್ಲಭ.

ಸೀಸವು ಶರೀರದಲ್ಲಿ ಮಾಡುವ ಕೇಡು

ಆಕೆಯ ಮುಖ್ಯ ಕಾರ್ಯವನ್ನು ತಿಳಿಯುವ ಮುನ್ನ ಸೀಸದ ಸ್ವಭಾವವನ್ನು ಅರಿಯಬೇಕು. ಸೀಸವು ಮೆತುವಾದ, ತೂಕವುಳ್ಳ, ಸುಲಭವಾಗಿ ಕರಗುವ ಲೋಹ. ಬಿಳಿ ಸೀಸವೆಂಬ ಅದರ ಲವಣವು ಹಿಂದೆ ಅನೇಕ ಬಿಳಿಯ ಬಣ್ಣಗಳಿಗೆ ಮೂಲವಸ್ತುವಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಸಿಂಧೂರವೆನ್ನುವ ಕೆಂಪು ಸೀಸವೂ ಇದರ ಬಳಗವೇ.

ಸೀಸವು ಧೂಳಾಗಿಯೋ ಹೊಗೆಯಾಗಿಯೋ ಶ್ವಾಸಕೋಶವನ್ನು ಸೇರಿದರೆ ಬಹುಬೇಗನೆ ರಕ್ತಕ್ಕಿಳಿಯುತ್ತದೆ. ಆಹಾರದೊಡನೆ ಹೊಟ್ಟೆಗೆ ಹೋದರೂ ಒಂದು ಭಾಗವು ಉಳಿಯುತ್ತದೆ. ಶರೀರವು ಅದನ್ನು ಸುಣ್ಣದ ಅಂಶವಾದ ಕ್ಯಾಲ್ಸಿಯಮ್ಮೆಂದು ಭ್ರಮಿಸಿ ಎಲುಬುಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಲ್ಲಿ ಅದು ಹತ್ತಾರು ವರ್ಷಗಳ ತನಕ ಉಳಿಯಬಲ್ಲದು. ರಕ್ತದ ಕೆಂಪು ವಸ್ತುವು ತಯಾರಾಗುವ ಕಾರ್ಯಕ್ಕೆ ಸೀಸವು ಅಡ್ಡಬರುವುದರಿಂದ ರೋಗಿಯು ಬಿಳಿಚಿಕೊಳ್ಳುತ್ತಾನೆ. ತಾಳಲಾರದ ಹೊಟ್ಟೆಶೂಲೆ ಬರುತ್ತದೆ. ಕೆಲವರ ವಸಡಿನ ಅಂಚಿನಲ್ಲಿ ನೀಲಿಗಪ್ಪಾದ ಗೆರೆಯೊಂದು ಮೂಡುತ್ತದೆ. ನರಗಳು ಕೆಟ್ಟು ಮಣಿಕಟ್ಟುಗಳು ಸೋತು ಕೈಗಳು ಜೋತುಬೀಳುತ್ತವೆ. ವಿಷವು ಮಿದುಳಿಗೇರಿದರೆ ಸೆಳವು, ಬುದ್ಧಿಭ್ರಮೆ, ಮರಣ.

ಹೆಂಗಸರ ಮತ್ತು ಮಕ್ಕಳ ವಿಷಯದಲ್ಲಿ ಈ ಕೇಡು ಇನ್ನೂ ಹೆಚ್ಚು. ತಾಯಿಯ ಎಲುಬಿನಲ್ಲಿ ಹಿಂದೆ ಕೂಡಿದ ಸೀಸವು ಗರ್ಭಕಾಲದಲ್ಲಿ ರಕ್ತಕ್ಕೆ ಬಿಡುಗಡೆಯಾಗಿ ಗರ್ಭದ ಶಿಶುವನ್ನು ಸೇರುತ್ತದೆ, ಗರ್ಭಸ್ರಾವವೂ ಆಗಬಹುದು. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಶರೀರವು ದೊಡ್ಡವರದಕ್ಕಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬೆಳೆಯುವ ಮಿದುಳಿಗೆ ಆದ ನಷ್ಟವನ್ನು ಯಾವ ಔಷಧವೂ ಪೂರ್ಣವಾಗಿ ಸರಿಪಡಿಸಲಾರದು. ಮಗುವು ಮಂದಬುದ್ಧಿಯದು, ಹಟಮಾರಿ ಎಂದು ನಾವು ದೂರುವಾಗ, ದೋಷವು ಮಗುವಿನದಾಗಿರದೆ ಅದರ ರಕ್ತದಲ್ಲಿನ ಸೀಸದ್ದಾಗಿರಬಹುದು.

ಕಾರಖಾನೆಗಳಲ್ಲಿ ಶೋಧನೆ

ಹಲ್ ಹೌಸಿನ ನೆರೆಯವರಲ್ಲಿ ಕೈ ಸೋತ ಗಂಡಸರನ್ನೂ ಅಕಾಲದಲ್ಲಿ ವಿಧವೆಯರಾದ ಹೆಂಗಸರನ್ನೂ ಹ್ಯಾಮಿಲ್ಟನ್ನಳು ದಿನವೂ ಕಾಣುತ್ತಿದ್ದಳು. ಯೂರೋಪಿನ ದೇಶಗಳಲ್ಲಿ ಅಪಾಯಕರವಾದ ಉದ್ಯೋಗಗಳ ವಿಷಯದಲ್ಲಿ ಗ್ರಂಥಗಳೂ ಕಾಯಿದೆಗಳೂ ಆಗಲೇ ಇದ್ದವು. ಅಮೆರಿಕಾದಲ್ಲಿ ಅಂಥ ರೋಗಗಳೇ ಇಲ್ಲವೆಂದು ಬಹುಜನರು ನಂಬಿದ್ದರು. 1908ರಲ್ಲಿ ಇಲಿನಾಯ್ ಪ್ರಾಂತದ ಗವರ್ನರನು ಉದ್ಯೋಗಜನ್ಯ ರೋಗಗಳ ವಿಚಾರಣೆಗಾಗಿ ಒಂದು ಮಂಡಲಿಯನ್ನು ನೇಮಿಸಿದನು. ಈ ವಿಚಾರಣೆಯ ಮುಖ್ಯಸ್ಥಳಾಗಿ 1910ರಲ್ಲಿ ಹ್ಯಾಮಿಲ್ಟನ್ನಳು ಸೀಸದ ಬೆನ್ನು ಹತ್ತಿದಳು.

ಕಾರಖಾನೆಯ ಬಾಗಿಲಲ್ಲಿ ನಿಂತು ಯಜಮಾನರನ್ನು ಕೇಳಿದರೆ ಬರುವ ಉತ್ತರವು ಒಂದೇ: ನಮ್ಮಲ್ಲಿ ರೋಗವಿಲ್ಲ, ಇದ್ದರೆ ಅದು ಕೂಲಿಯವರ ಕುಡಿತದ ಫಲ, ಇಲ್ಲವೆ ಕೈತೊಳೆಯದೆ ಉಣ್ಣುವ ಹೊಲಸುತನದ ಫಲ. ಕೂಲಿಕಾರರನ್ನು ಕೇಳೋಣವೆಂದರೆ ಕೆಲಸ ಹೋದೀತೆಂಬ ಭಯದಿಂದ ಅವರೂ ಬಾಯಿಬಿಡುತ್ತಿರಲಿಲ್ಲ. ಆದಕಾರಣ ಆಕೆಯು ಆಸ್ಪತ್ರೆಗಳ ದಾಖಲೆಗಳನ್ನು ತಿರುವಿಹಾಕಿದಳು. ಔಷಧದಂಗಡಿಯವರನ್ನೂ ಪಾದ್ರಿಗಳನ್ನೂ ವಿಚಾರಿಸಿದಳು. ರೋಗಿಗಳ ಮನೆಗಳಿಗೆ ಹೋಗಿ ಹೆಂಡಂದಿರೊಡನೆ ಅಡಿಗೆಮನೆಯಲ್ಲಿ ಕುಳಿತು ಮಾತನಾಡಿದಳು. ಆಲಿಸ್ ಎಂಬ ಹೆಸರು ನಮ್ಮ ಕನ್ನಡದ ಕಿವಿಗೆ ಆಲಿಸು ಎಂಬಂತೆ ಕೇಳಿಸುವುದು ಆಕಸ್ಮಿಕವೇ ಸರಿ. ಆದರೆ ಆಲಿಸುವುದೇ ಆಕೆಯ ಮುಖ್ಯ ಸಾಧನವಾಗಿತ್ತು.

ಒಂದು ಉದಾಹರಣೆಯನ್ನು ನೋಡಿರಿ. ಹೊಟ್ಟೆಶೂಲೆಯಿಂದ ನರಳುತ್ತ ಎರಡು ಮಣಿಕಟ್ಟುಗಳೂ ಸೋತಿದ್ದ ಪೋಲಿಷ್ ಕೂಲಿಕಾರನೊಬ್ಬನ ದಾಖಲೆಯು ಆಸ್ಪತ್ರೆಯಲ್ಲಿ ಸಿಕ್ಕಿತು. ಅವನ ಕೆಲಸ ಸ್ನಾನದ ತೊಟ್ಟಿಗಳಿಗೆ ಎನಾಮೆಲ್ ಹಚ್ಚುವುದು. ಈ ಕೆಲಸದಲ್ಲಿ ಸೀಸವುಂಟೆಂದು ಆಕೆಯು ಅದುವರೆಗೆ ಕೇಳಿರಲಿಲ್ಲ. ಕಾರಖಾನೆಗೆ ಹೋದಾಗ ಅಲ್ಲಿನವರು ತೊಟ್ಟಿಗಳಿಗೆ ಬಣ್ಣ ಬಳಿಯುವ ಭಾಗವೊಂದನ್ನು ಮಾತ್ರ ತೋರಿಸಿದರು. ಆ ಬಣ್ಣದಲ್ಲಿ ಸೀಸವಿರಲಿಲ್ಲ. ಆಕೆಯು ಅಷ್ಟಕ್ಕೆ ತೃಪ್ತಳಾಗದೆ ಪೋಲಿಷರ ಕೇರಿಗೆ ಹೋಗಿ ಕೆಲಸಗಾರರನ್ನೇ ಕಂಡಳು. ಕೆಂಪಗೆ ಕಾದ ಕಬ್ಬಿಣದ ತೊಟ್ಟಿಯ ಮೇಲೆ ಎನಾಮೆಲಿನ ಪುಡಿಯನ್ನು ಉದುರಿಸುವುದೇ ನಿಜವಾದ ಕೆಲಸವೆಂದೂ, ಆ ಪುಡಿಯನ್ನು ತಾವು ಉಸಿರಾಡುವೆವೆಂದೂ ಅವರು ತಿಳಿಸಿದರು. ಪುಡಿಯ ಮಾದರಿಯನ್ನು ತರಿಸಿ ಪರೀಕ್ಷಿಸಲಾಗಿ ಅದರಲ್ಲಿ ಕರಗಬಲ್ಲ ಸೀಸವು ಶೇಕಡಾ 20ರಷ್ಟು ಇತ್ತು.

ಹೀಗೆ ಇಲಿನಾಯ್ ಪ್ರಾಂತವೊಂದರಲ್ಲಿಯೇ ಸೀಸವನ್ನು ಬಳಸುವ 70ಕ್ಕೂ ಮಿಕ್ಕ ಕೆಲಸಗಳನ್ನೂ, ಸೀಸದ ವಿಷವೇರಿದ 500ಕ್ಕೂ ಮಿಕ್ಕ ರೋಗಿಗಳನ್ನೂ ಆಕೆಯು ಪತ್ತೆಮಾಡಿದಳು. ಲಕ್ಷಣಗಳು ನಿಸ್ಸಂದೇಹವಾಗಿದ್ದ ರೋಗಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಳು. ನೊಣಗಳ ಪಾಠವನ್ನು ಮರೆತಿರಲಿಲ್ಲ. ಅದಕ್ಕಿಂತಲೂ ಮುಖ್ಯವಾದ ಸಂಗತಿಯೊಂದು ಸ್ಥಿರಪಟ್ಟಿತು. ವಿಷವು ಒಳಹೊಗುತ್ತಿದ್ದುದು ಮುಖ್ಯವಾಗಿ ತೊಳೆಯದ ಕೈಗಳಿಂದಲ್ಲ, ಕಾರಖಾನೆಯ ಗಾಳಿಯಲ್ಲಿ ತುಂಬಿದ್ದ ಧೂಳು ಹೊಗೆಗಳಿಂದ. ಕೈಯ ಕೊಳೆಯು ಕೂಲಿಕಾರನ ತಪ್ಪಾಗಬಹುದು. ಗಾಳಿಯ ಧೂಳು ಯಜಮಾನನ ಹೊಣೆ. 1911ರಲ್ಲಿ ಇಲಿನಾಯ್ ಪ್ರಾಂತವು ಕಾಯಿದೆಯನ್ನು ಮಾಡಿ, ಇಂಥ ಕೆಲಸಗಳಲ್ಲಿ ರಕ್ಷಣೆಯ ಏರ್ಪಾಡನ್ನೂ ತಿಂಗಳಿಗೊಮ್ಮೆ ವೈದ್ಯಪರೀಕ್ಷೆಯನ್ನೂ ಕಡ್ಡಾಯ ಮಾಡಿತು.

ಪ್ರಮಾಣಕ್ಕೆ ತಲೆಬಾಗಿದ ಯಜಮಾನ

ಅದೇ ವರ್ಷ ಅಮೆರಿಕಾದ ಕೇಂದ್ರ ಸರಕಾರವು ಆಕೆಯನ್ನು ವಿಶೇಷ ತನಿಖೆಗಾರಳಾಗಿ ನೇಮಿಸಿತು. ಬಿಳಿ ಸೀಸದ ತಯಾರಿಕೆಯೇ ಆಕೆಯ ಮೊದಲನೆಯ ವಿಷಯ. ಸೀಸದ ಬಿಲ್ಲೆಗಳನ್ನು ಹುಳಿಯ ಗಡಿಗೆಗಳ ಮೇಲಿಟ್ಟು ಮರದ ತೊಗಟೆಯ ಪುಡಿಯಿಂದ ಮುಚ್ಚಿ ಕೆಲವು ತಿಂಗಳು ಬಿಟ್ಟರೆ ಅವು ಬೆಳ್ಳಗೆ ಪೊರೆಗಟ್ಟುತ್ತವೆ. ಆ ಪೊರೆಯನ್ನು ಬಿಡಿಸಿ, ಒಣಗಿಸಿ, ಬೀಸಿ, ಪೀಪಾಯಿಗಳಿಗೆ ತುಂಬುವಾಗ ಏಳುವ ಧೂಳೇ ಪ್ರಾಣಕಂಟಕ.

ನ್ಯಾಷನಲ್ ಲೆಡ್ ಕಂಪನಿಯ ಅಧಿಕಾರಿಯಾದ ಎಡ್ವರ್ಡ್ ಕಾರ್ನಿಷನಿಗೆ, ನಿಮ್ಮ ಕಾರಖಾನೆಗಳಲ್ಲಿ ಕೂಲಿಕಾರರಿಗೆ ವಿಷವೇರುತ್ತಿದೆಯೆಂದು ಆಕೆಯು ಹೇಳಿದಾಗ ಅವನು ನೊಂದುಕೊಂಡನು. ಹತ್ತಿರವಿದ್ದ ಕೆಲಸಗಾರರನ್ನು ಕರೆದು ಕೇಳಿದನು, ಅವರು ಆರೋಗ್ಯವಾಗಿದ್ದೇವೆಂದರು. ನೀವು ಪ್ರಮಾಣವನ್ನು ತಂದು ತೋರಿಸಿದರೆ ನೀವು ಹೇಳಿದಂತೆ ನಡೆಯುವೆನು, ವೈದ್ಯರನ್ನೂ ನೇಮಿಸುವೆನು ಎಂದು ಅವನು ಮಾತುಕೊಟ್ಟನು. ಹ್ಯಾಮಿಲ್ಟನ್ನಳು ಆಸ್ಪತ್ರೆಗಳನ್ನು ಸುತ್ತಿ, ಆ ಕಾರಖಾನೆಗಳಿಂದ ಬಂದು ಹಾಸಿಗೆ ಹಿಡಿದ 22 ಮಂದಿಯ ದಾಖಲೆಗಳನ್ನು ಮುಂದಿಟ್ಟಳು. ಕಾರ್ನಿಷನು ಮಾತಿಗೆ ತಪ್ಪಲಿಲ್ಲ. ಧೂಳನ್ನು ಹೀರುವ ಕೊಳವೆಗಳೂ ವೈದ್ಯಪರೀಕ್ಷೆಯೂ ಆ ಕಾರಖಾನೆಗಳಲ್ಲಿ ಏರ್ಪಟ್ಟವು. ಯಜಮಾನರನ್ನು ಆಕೆಯು ದುಷ್ಟರೆಂದು ಜರೆಯುತ್ತಿರಲಿಲ್ಲ. ತಿಳಿಯದವರಿಗೆ ತಿಳಿಸಬೇಕು, ತಿಳಿದೂ ಮಾಡದವರಿಗೆ ಕಾಯಿದೆ ಇರಬೇಕು ಎಂಬುದು ಆಕೆಯ ನಿಲುವಾಗಿತ್ತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸಿಡಿಮದ್ದಿನ ಕಾರಖಾನೆಗಳನ್ನು ಸರಕಾರವು ಗುಟ್ಟಾಗಿಟ್ಟಿತ್ತು. ಆಕೆಯು ಆಕಾಶದಲ್ಲಿ ಏಳುವ ಹಳದಿ ಹೊಗೆಯನ್ನೂ, ಪಿಕ್ರಿಕ್ ಆಮ್ಲದಿಂದ ಮೈಕೈ ಹಳದಿಗಟ್ಟಿದ ಕೂಲಿಕಾರರನ್ನೂ ಗುರುತು ಹಿಡಿದು ಅವುಗಳ ಜಾಡನ್ನು ಕಂಡುಹಿಡಿದಳು. ಟೋಪಿ ಮಾಡುವವರ ಪಾದರಸ, ಕೃತಕ ರೇಷ್ಮೆಯ ಕಾರಖಾನೆಗಳ ಕಾರ್ಬನ್ ಡೈಸಲ್ಫೈಡ್ ಮುಂತಾದ ಅನೇಕ ವಿಷಗಳು ಆಕೆಯ ತನಿಖೆಗೆ ಒಳಗಾದವು. ಗಡಿಯಾರದ ಅಂಕೆಗಳಿಗೆ ರೇಡಿಯಂ ಬಣ್ಣ ಹಚ್ಚುತ್ತ ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿ, ದವಡೆಯ ಎಲುಬು ಕೊಳೆತು ಸತ್ತ ತರುಣಿಯರ ಪರವಾಗಿಯೂ ಆಕೆಯು ದುಡಿದಳು.

ಹಾರ್ವರ್ಡಿನಲ್ಲಿ

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಆಕೆಯನ್ನು ಸಹಾಯಕ ಪ್ರಾಧ್ಯಾಪಿಕೆಯಾಗಿ ನೇಮಿಸಿತು. ಆ ಪ್ರಾಚೀನ ವಿದ್ಯಾಪೀಠದ ಅಧ್ಯಾಪಕವರ್ಗದಲ್ಲಿ ಅದುವರೆಗೆ ಒಬ್ಬ ಸ್ತ್ರೀಯೂ ಇರಲಿಲ್ಲ. ನೇಮಕದೊಡನೆ ಮೂರು ನಿಬಂಧನೆಗಳೂ ಬಂದವು: ಅಧ್ಯಾಪಕರ ಕ್ಲಬ್ಬಿಗೆ ಹೋಗಕೂಡದು; ಫುಟ್‌ಬಾಲ್ ಆಟದ ಟಿಕೀಟುಗಳನ್ನು ಕೇಳಕೂಡದು; ಪದವೀದಾನೋತ್ಸವದಲ್ಲಿ ವೇದಿಕೆಯ ಮೇಲೆ ಕೂಡಕೂಡದು. ವಿದ್ಯಾರ್ಥಿನಿಯರನ್ನಂತೂ ಅಲ್ಲಿನ ವೈದ್ಯಶಾಲೆಯು 1945ರ ತನಕ ಸೇರಿಸಿಕೊಳ್ಳಲಿಲ್ಲ. ಆಕೆಯು 1935ರಲ್ಲಿ ನಿವೃತ್ತಳಾದಾಗಲೂ ಸಹಾಯಕ ಪ್ರಾಧ್ಯಾಪಿಕೆಯೇ. ಮಾನಮರ್ಯಾದೆಗಳ ಲೆಕ್ಕವನ್ನು ಹಿಡಿಯುತ್ತ ಕೂಡದೆ, 1925ರಲ್ಲಿ ಅಮೆರಿಕಾದ ಔದ್ಯೋಗಿಕ ವಿಷಗಳನ್ನು ಕುರಿತು ಆ ದೇಶದಲ್ಲಿ ಮೊದಲನೆಯದೆನಿಸಿದ ಪಾಠಗ್ರಂಥವನ್ನು ಪ್ರಕಟಿಸಿದಳು.

ಸೋತ ವಾದ

ಆಕೆಯ ಎಲ್ಲ ಪ್ರಯತ್ನಗಳೂ ಗೆದ್ದವೆಂದು ಹೇಳಿದರೆ ಅಸತ್ಯವಾದೀತು. ಮೋಟಾರಿನ ಯಂತ್ರವು ಬಡಿದುಕೊಳ್ಳದೆ ಸರಾಗವಾಗಿ ಓಡುವುದಕ್ಕಾಗಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುವ ಪದ್ಧತಿಯು 1923ರಲ್ಲಿ ಪ್ರಾರಂಭವಾಯಿತು. ಮರುವರ್ಷ ಅಕ್ಟೋಬರಿನಲ್ಲಿ, ಆ ಸಂಯುಕ್ತವನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಸ್ಥಾವರವೊಂದರಲ್ಲಿ ಐವರು ಕೆಲಸಗಾರರು ಬುದ್ಧಿಭ್ರಮೆ ಹಿಡಿದು ಸತ್ತರು. 1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಸರಕಾರದ ಮುಖ್ಯ ವೈದ್ಯಾಧಿಕಾರಿಯು ಕರೆದ ಸಭೆಯಲ್ಲಿ ಹ್ಯಾಮಿಲ್ಟನ್ನಳು ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದಳು. ಕಾರಖಾನೆಯೊಳಗಿನ ಸೀಸಕ್ಕೆ ಕಾವಲಿಡಬಹುದು. ಊರ ಬೀದಿಗಳಲ್ಲೆಲ್ಲ ಹರಡುವ ಸೀಸಕ್ಕೆ ಕಾವಲಿಡುವವರು ಯಾರು? ಸೀಸವಲ್ಲದ ಬೇರೊಂದು ವಸ್ತುವನ್ನು ಹುಡುಕಿರಿ ಎಂಬುದು ಆಕೆಯ ವಾದದ ಸಾರ.

ತಯಾರಕರ ಪಕ್ಷದವರಾದರೋ ಕೇಡನ್ನು ಪ್ರತ್ಯಕ್ಷ ತೋರಿಸುವ ತನಕ ಮಾರಾಟವನ್ನು ತಡೆಯಬಾರದೆಂದರು. ಏಳು ತಿಂಗಳ ವಿಚಾರಣೆಯ ತರುವಾಯ ತಜ್ಞರ ಸಮಿತಿಯು, ನಿಷೇಧಕ್ಕೆ ಸಾಕಾದ ಕಾರಣವಿಲ್ಲ, ಆದರೆ ಶೋಧನೆಯು ಮುಂದುವರಿಯಲಿ ಎಂದಿತು. ಸೀಸದ ಪೆಟ್ರೋಲು ಲೋಕವನ್ನೆಲ್ಲ ವ್ಯಾಪಿಸಿತು. ಅಮೆರಿಕಾದ ರಸ್ತೆಗಳಿಂದ ಅದು ಪೂರ್ಣವಾಗಿ ತೊಲಗಿದ್ದು 1996ರಲ್ಲಿ, ನಮ್ಮ ಭಾರತದಿಂದ 2000ದಲ್ಲಿ, ಕಟ್ಟಕಡೆಯದಾಗಿ ಆಲ್ಜೀರಿಯಾ ದೇಶದಿಂದ 2021ರಲ್ಲಿ. ಆಕೆಯು ಎಚ್ಚರಿಸಿದ ದಿನದಿಂದ ಇದಕ್ಕೆ 96 ವರ್ಷಗಳು ಹಿಡಿದವು. ಹೊಸ ವಸ್ತುವೊಂದು ನಿರಪಾಯವೆಂದು ಮಾಡುವವನು ಮೊದಲು ತೋರಿಸಬೇಕೋ, ಅಪಾಯವೆಂದು ರೋಗಿಯು ಆಮೇಲೆ ತೋರಿಸಬೇಕೋ ಎಂಬುದೇ ಆ ಸಭೆಯಲ್ಲಿದ್ದ ಪ್ರಶ್ನೆ. ಉತ್ತರವು ತಪ್ಪಾದುದಕ್ಕೆ ದಂಡ ತೆತ್ತವರು ಮೂರು ತಲೆಮಾರಿನ ಮಕ್ಕಳು.

ನಮ್ಮ ಮನೆಯ ಬಾಗಿಲಲ್ಲಿ

ಇದು ದೂರದೇಶದ ಹಳೆಯ ಕಥೆಯೆಂದು ಯಾರೂ ಭಾವಿಸಬಾರದು. ಬಣ್ಣದ ಕಾರಖಾನೆಗಳಲ್ಲಿ ಕಂಡ ಸೀಸವೇ ನಮ್ಮ ಸೀಮೆಯ ಅಡಿಗೆಮನೆಗೂ ಬಂದುದುಂಟು. ಅರಿಸಿನಕ್ಕೆ ಹೊಳಪಾದ ಹಳದಿಯು ಬರಲೆಂದು ಸೀಸದ ಕ್ರೋಮೇಟ್ ಎಂಬ ಬಣ್ಣವನ್ನು ಕೊಂಬುಗಳಿಗೆ ಬಳಿಯುವ ದುರಭ್ಯಾಸವು ಬಾಂಗ್ಲಾದೇಶದಲ್ಲಿತ್ತು. ಗರ್ಭಿಣಿಯರ ರಕ್ತದಲ್ಲಿ ಸೀಸವೆಲ್ಲಿಂದ ಬಂತೆಂದು ಹುಡುಕುತ್ತ ಹೋದ ಸಂಶೋಧಕರು, ಹ್ಯಾಮಿಲ್ಟನ್ನಳಂತೆಯೇ ಮನೆಗಳಿಂದ ಗಿರಣಿಗಳ ತನಕ ಜಾಡು ಹಿಡಿದು ಇದನ್ನು 2019ರಲ್ಲಿ ಪ್ರಕಟಿಸಿದರು. ಸರಕಾರವು ಸಂತೆಗಳಲ್ಲಿ ಪರೀಕ್ಷೆ ನಡೆಯಿಸಿ, ಅಪರಾಧಿಗಳಿಗೆ ದಂಡ ಹಾಕಿ, ಜನರಿಗೆ ತಿಳಿವಳಿಕೆ ಕೊಟ್ಟಿತು. 2019ರಲ್ಲಿ ಸಂತೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸವು ಕಂಡುಬಂದಿತ್ತು. 2021ರ ವೇಳೆಗೆ ಒಂದರಲ್ಲಿಯೂ ಕಾಣಲಿಲ್ಲ. ಅರಿಸಿನದ ಗಿರಣಿಗಳ ಕೆಲಸಗಾರರ ರಕ್ತದಲ್ಲಿಯೂ ಸೀಸವು ಇಳಿಯಿತು. ಮನಸ್ಸಿಟ್ಟರೆ ಎರಡೇ ವರ್ಷಗಳಲ್ಲಿ ಎಷ್ಟು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿಯೂ ಸೀಸದ ವಿಷಬಾಧೆಯನ್ನು ಪರೀಕ್ಷಿಸಿ ಸಲಹೆ ಕೊಡುವ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾಯಿತು. ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂದು ಭಾರತ ಸರಕಾರವು 2016ರಲ್ಲಿ ಮಾಡಿದ ನಿಯಮವು 2017ರಲ್ಲಿ ಜಾರಿಗೆ ಬಂದಿತು. ಆದರೂ ಅದಕ್ಕಿಂತ ಹಿಂದೆ ಬಳಿದ ಬಣ್ಣವು ಹಳೆಯ ಬಾಗಿಲು ಕಿಟಕಿಗಳ ಮೇಲೆ ಇದ್ದೀತು.

ಗೃಹಿಣಿಯರೂ ವಿದ್ಯಾರ್ಥಿನಿಯರೂ ನೆನಪಿನಲ್ಲಿಡತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಹುದು:

1. ಸಹಜವಲ್ಲದ ಹೊಳಪಿನಿಂದ ಕಣ್ಣು ಕೋರೈಸುವ ಅರಿಸಿನದ ಕೊಂಬನ್ನೂ ಪುಡಿಯನ್ನೂ ಕೊಳ್ಳಬಾರದು.

2. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿಸುವಾಗ ಶುದ್ಧವಾದ ತವರವನ್ನೇ ಬಳಸುವಂತೆ ನೋಡಿಕೊಳ್ಳಬೇಕು. ತವರಕ್ಕೆ ಸೀಸವನ್ನು ಬೆರೆಸಿದ್ದರೆ ಹುಣಿಸೆಹುಳಿಯ ಸಾರಿನೊಡನೆ ಅದು ಉಣ್ಣುವವರ ಹೊಟ್ಟೆಗೆ ಹೋಗುವುದು.

3. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆಯಬಾರದು, ಒದ್ದೆಮಾಡಿ ಕೆರೆಯಬೇಕು. ಧೂಳನ್ನು ಗುಡಿಸಿ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು. ಮಕ್ಕಳನ್ನು ಆಗ ದೂರವಿಡಬೇಕು.

4. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸವನ್ನು ಕರಗಿಸುವ ಕೆಲಸವು ಮನೆಯ ಹಿತ್ತಿಲಲ್ಲಿ ನಡೆಯಕೂಡದು. ಅಂಥ ಕೆಲಸ ಮಾಡಿ ಬಂದವರು ಬಟ್ಟೆಯನ್ನು ಬದಲಾಯಿಸಿ ಸ್ನಾನಮಾಡಿದ ಮೇಲೆಯೇ ಕೂಸನ್ನು ಎತ್ತಿಕೊಳ್ಳಬೇಕು.

5. ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಕಡಮೆಯಾದ ಶರೀರವು ಸೀಸವನ್ನು ಹೆಚ್ಚಾಗಿ ಹೀರುತ್ತದೆ. ಆದುದರಿಂದ ರಾಗಿ, ಹಾಲು, ಸೊಪ್ಪು, ಕಾಳುಗಳನ್ನು ಮಕ್ಕಳಿಗೂ ಗರ್ಭಿಣಿಯರಿಗೂ ತಪ್ಪದೆ ಕೊಡಬೇಕು.

ಉಪಸಂಹಾರ

ಹ್ಯಾಮಿಲ್ಟನ್ನಳು 1943ರಲ್ಲಿ ತನ್ನ ಆತ್ಮಚರಿತ್ರೆಯನ್ನು ಪ್ರಕಟಿಸಿ, 1970ನೆಯ ಇಸವಿ ಸೆಪ್ಟೆಂಬರ್ 22ರಂದು ತನ್ನ 101ನೆಯ ವಯಸ್ಸಿನಲ್ಲಿ ಕಾಲವಾದಳು. ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ರಕ್ಷಣೆಗಾಗಿ ಅಮೆರಿಕಾ ದೇಶವೆಲ್ಲಕ್ಕೂ ಅನ್ವಯಿಸುವ ಕಾಯಿದೆಗೆ ಅದೇ ವರ್ಷ ಡಿಸೆಂಬರಿನಲ್ಲಿ ಅಂಕಿತವು ಬಿದ್ದಿತು. ತಾನು ನೆಟ್ಟ ಮರದ ಆ ಹಣ್ಣನ್ನು ಆಕೆಯು ನೋಡಲಿಲ್ಲ.

ಮಿಷನೆರಿಯಾಗಿ ತೆಹರಾನಿಗೆ ಹೋಗಬೇಕೆಂದಿದ್ದ ಹುಡುಗಿಯು ತನ್ನ ದೇಶದಲ್ಲಿಯೇ ಸೀಸದ ಧೂಳಿನ ನಡುವೆ ತನ್ನ ಸೇವಾಕ್ಷೇತ್ರವನ್ನು ಕಂಡಳು. ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತಿದ್ದೇವೆ. ಆ ದಾರಿಯಲ್ಲಿ ಜನರು ಮೇಲಿಂದ ಮೇಲೆ ಬೀಳುತ್ತಿದ್ದರೆ, ಎತ್ತುವುದರ ಜೊತೆಗೆ ಬೀಳುವುದೇಕೆಂದು ವಿಚಾರಿಸುವುದೂ ನೆರೆಯವನ ಧರ್ಮವೇ. ಸೋದರಿಯರೇ, ನಿಮ್ಮಲ್ಲಿ ಕೆಲವರು ವೈದ್ಯರಾಗಬಹುದು, ಕೆಲವರು ರಸಾಯನಶಾಸ್ತ್ರವನ್ನು ಕಲಿಯಬಹುದು, ಅನೇಕರು ಅಡಿಗೆಮನೆಗಳ ಒಡತಿಯರಾಗಬಹುದು. ನಿಮ್ಮ ಸ್ಥಾನವು ಯಾವುದಾದರೂ ಆಗಲಿ, ಇದರಲ್ಲಿ ಏನಿದೆ, ಇದನ್ನು ಯಾರು ಪರೀಕ್ಷಿಸಿದರು ಎಂಬ ಎರಡು ಪ್ರಶ್ನೆಗಳನ್ನು ಕೇಳುವುದಕ್ಕೆ ಸಂಕೋಚಪಡಬೇಡಿರಿ. ಬಂದ ಉತ್ತರವನ್ನು ಪ್ರಮಾಣಿಸಿ ನೋಡಿರಿ. ನಿಮ್ಮ ಊಹೆಯೇ ತಪ್ಪೆಂದು ತಿಳಿದುಬಂದರೆ ಅದನ್ನು ಒಪ್ಪಿಕೊಂಡು ಮುಂದೆ ನಡೆಯಿರಿ. ಆಲಿಸ್ ಹ್ಯಾಮಿಲ್ಟನ್ನಳು ಮಾಡಿದುದು ಇಷ್ಟೇ. ಅಷ್ಟರಿಂದಲೇ ಸಹಸ್ರಾರು ಮನೆಗಳಲ್ಲಿ ದುಡಿಯುವ ಕೈಗಳು ಸೋಲದೆ ಉಳಿದವು.